‘ಕೃತಕ ಜೀವ’, ‘ಸೃಷ್ಟಿ’: ಚರ್ಚಾಸ್ಪರ್ಧೆಯ ವಿಷಯಕ್ಕೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಬೀದರಿನ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ. ಜೀವಶಾಸ್ತ್ರದ ಮೇಡಂ ಕೊಟ್ಟಿರುವ ವಿಷಯ: ‘ಕೃತಕ ಜೀವದ ಸೃಷ್ಟಿ ನೈತಿಕವಾಗಿ ಸರಿಯೇ?’ ಕನ್ನಡ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವ್ಯಾಕರಣ ಸರಿಯಾಗಿದೆ. ಆದರೆ ‘ಕೃತಕ’, ‘ಸೃಷ್ಟಿ’ ಎರಡೂ ಚರ್ಚೆಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ ಎಂಬುದು ನನ್ನ ತಕರಾರು.

‘ಕೃತಕ’ ಎಂದರೆ ಮೂಲದಲ್ಲಿ ಮಾಡಿದ್ದು ಎಂದಷ್ಟೇ. ಬಳಕೆಯಲ್ಲಿ ಅದು ಕೃತಕ ನಗು, ಕೃತಕ ಅಭಾವಗಳ ಸಾಲಿಗೆ ಸೇರಿ ಸುಳ್ಳಿನ ವಾಸನೆ ಹಿಡಿದಿದೆ. ‘ಕೃತಕ ಗರ್ಭಧಾರಣೆ’ಯಲ್ಲಿ ತೊಂದರೆಯಿಲ್ಲ, ಹಾಗೆ ಗಬ್ಬವಾದ ದೇವಣಿ ಹಸು ಈದರೆ ಯಾರೂ ಅದನ್ನು ಕೃತಕ ಕರು ಎನ್ನುವುದಿಲ್ಲ. ವಿಶೇಷಣ ವಿಧಾನಕ್ಕೆ ಅಂಟಿದೆ, ಹುಟ್ಟಿದ್ದಕ್ಕಲ್ಲ. ‘ಕೃತಕ ಜೀವ’ದಲ್ಲಿ ಅದು ಜೀವಕ್ಕೇ ಅಂಟುತ್ತದೆ.

ಇನ್ನು ‘ಸೃಷ್ಟಿ’. 2010ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ತಂಡ ಮೇಕೆಗಳಿಗೆ ರೋಗ ತರುವ ಒಂದು ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯದ ಜೀನೋಮನ್ನು (ಅದರ ಇಡೀ ಡಿಎನ್‌ಎಯನ್ನು), ಕಂಪ್ಯೂಟರಿನಲ್ಲಿದ್ದ ಅನುಕ್ರಮ ನೋಡಿ, ರಾಸಾಯನಿಕವಾಗಿ ತಯಾರಿಸಿತು. ಡಿಎನ್‌ಎಯ 10 ಲಕ್ಷಕ್ಕೂ ಹೆಚ್ಚು ರಾಸಾಯನಿಕ ಅಕ್ಷರಗಳು! ಚೂರುಗಳನ್ನು ಯೀಸ್ಟ್ ಕೋಶದೊಳಗೆ ಜೋಡಿಸಿ, ಹತ್ತಿರದ ಇನ್ನೊಂದು ಪ್ರಭೇದದ ಜೀವಂತ ಕೋಶಕ್ಕೆ ಸೇರಿಸಿದರು; ಆ ಕೋಶ ಹೊಸ ಜೀನೋಮ್ ಹೇಳಿದಂತೆಯೇ ನಡೆದು ಸಂತತಿ ಬೆಳೆಸಿತು. ಅದಕ್ಕೂ ಮೊದಲು ಒಂದು ಜೀನಿನಲ್ಲಿ ಒಂದೇ ಅಕ್ಷರ ಬಿಟ್ಟುಹೋಗಿ ಕೆಲಸ ವಾರಗಟ್ಟಲೆ ನಿಂತಿತ್ತು. (ನಮ್ಮಲ್ಲಾದರೆ ಎಷ್ಟು ಅಕ್ಷರ ತಪ್ಪಿದರೂ ಪುಸ್ತಕ ಹೊರಬಂದೇ ಬರುತ್ತದೆ.)

ಅಂದರೆ ಮಾಡಿದ್ದು ಜೀನೋಮನ್ನು. ಜೀವ ಆ ಕೋಶದಲ್ಲಿ ಮೊದಲೇ ಇತ್ತು. ಅಮೆರಿಕ ಅಧ್ಯಕ್ಷರ ಜೈವಿಕ ನೀತಿ ಆಯೋಗವೂ ಅದೇ ವರ್ಷ ಇದು ಜೀವಸೃಷ್ಟಿಯಲ್ಲ ಎಂದೇ ಹೇಳಿತು. ‘ಸೃಷ್ಟಿ’ ಎಂದು ಬರೆದರೆ ಮಕ್ಕಳು ಬ್ರಹ್ಮನನ್ನು ಹಿಡಿದುಕೊಂಡು ಹೊರಟುಬಿಡುತ್ತಾರೆ. ಆ ಜೀವಿ ಪ್ರಯೋಗಾಲಯದಿಂದ ಹೊರಬಿದ್ದರೆ ಹೊಣೆ ಯಾರದು, ಪೇಟೆಂಟ್ ಕೊಡಬಹುದೇ, ರೋಗಾಣುಗಳನ್ನೇ ಹೀಗೆ ತಯಾರಿಸುವವರನ್ನು ತಡೆಯುವವರು ಯಾರು ಎಂಬ ಮಾತು ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಪೋಲಿಯೊ ವೈರಸ್ಸನ್ನು 2002ರಲ್ಲೇ ತಯಾರಿಸಿ ತೋರಿಸಿದ್ದಾರೆ.

‘ನಿರ್ಮಾಣ’ವೂ ಒಪ್ಪಿಗೆಯಾಗುತ್ತಿಲ್ಲ. ನಿರ್ಮಿಸುವವನಿಗೆ ನಕ್ಷೆ ತಿಳಿದಿರಬೇಕು. 2016ರಲ್ಲಿ ಅದೇ ತಂಡ ಜೀನುಗಳನ್ನು 473ಕ್ಕೆ ಇಳಿಸಿ ಒಂದು ಕೋಶ ಮಾಡಿದಾಗ, ಅವುಗಳಲ್ಲಿ 149ರ ಕೆಲಸವೇನೆಂದು ಮಾಡಿದವರಿಗೇ ತಿಳಿದಿರಲಿಲ್ಲ. ‘ಸಂಶ್ಲೇಷಿತ’ (ಸಿಂಥೆಟಿಕ್) ಕರಾರುವಾಕ್ಕಾದ ಪದ, ನಿಜ. ಆದರೆ ಶಾಲೆಯಲ್ಲಿ ‘ಸಂಶ್ಲೇಷಿತ ಎಳೆಗಳು’ ಓದಿ ಬಂದವರಿಗೆ ನೈಲಾನ್ ನೆನಪಾಗುತ್ತದೆ.

ಸದ್ಯಕ್ಕೆ ನಾನು ‘ಪ್ರಯೋಗಾಲಯದಲ್ಲಿ ಜೀವಿಗಳನ್ನು ರೂಪಿಸುವುದು ಸರಿಯೇ?’ ಎಂದು ತಿದ್ದಿದ್ದೇನೆ. ರೂಪಿಸುವುದಕ್ಕೆ ಮೊದಲೇ ಏನೋ ಒಂದು ಇರಬೇಕಲ್ಲ, ಅದಕ್ಕೆ. ನಾಮಪದವಾಗಿ ‘ರೂಪಿತ ಜೀವಿ’ ಹೇಗೆ? ಕೊರೋನಾ ಕಾಲದ ‘ರೂಪಾಂತರಿ’ಯೊಂದಿಗೆ ಗೊಂದಲವಾದೀತೇ? ಬಿಟಿ ಹತ್ತಿಯ ಜಗಳದಲ್ಲಿ ಪರವಾದವರೂ ವಿರೋಧಿಗಳೂ ಒಪ್ಪಿ ಬಳಸಿದ ‘ಕುಲಾಂತರಿ’ಯಂಥ ಗಟ್ಟಿ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ಜೊತೆಗೆ ಇನ್ನೊಂದು ಪ್ರಶ್ನೆ. ಕನ್ನಡಿಯ ಬಿಂಬದಂತೆ ಅಣುಗಳೆಲ್ಲ ಎಡಬಲ ಅದಲುಬದಲಾದ ಬ್ಯಾಕ್ಟೀರಿಯವನ್ನು ಮಾಡಲು ಹೊರಡಬೇಡಿ, ನಮ್ಮ ರೋಗನಿರೋಧಕ ವ್ಯವಸ್ಥೆಗೆ ಅದರ ಗುರುತು ಹತ್ತದಿರಬಹುದು ಎಂದು 2024ರ ಡಿಸೆಂಬರಿನಲ್ಲಿ ಹಲವು ವಿಜ್ಞಾನಿಗಳು ಸೈನ್ಸ್ ಪತ್ರಿಕೆಯಲ್ಲಿ ಎಚ್ಚರಿಸಿದರು. ಇದನ್ನು ‘ಕನ್ನಡಿ ಜೀವಿ’ ಎಂದರೆ ನಮ್ಮವರಿಗೆ ಕನ್ನಡಿಯೊಳಗಿನ ಗಂಟು ನೆನಪಾಗಿ, ಕೈಗೆ ಸಿಗದ ವಸ್ತುವಿಗೆ ಹೆದರುವುದೇಕೆ ಅನಿಸೀತು. ಡಿಎನ್‌ಎ ಸುರುಳಿ ಬಲಕ್ಕೆ ತಿರುಗಿರುತ್ತದೆ, ಇದರದು ಎಡಕ್ಕೆ; ಆದ್ದರಿಂದ ‘ಎಡಮುರಿ ಜೀವಿ’ ಎಂದು ಸೂಚಿಸಿದೆ. ಪ್ರೋಟೀನುಗಳನ್ನು ಕಟ್ಟುವ ಅಮೈನೊ ಆಮ್ಲಗಳ ಲೆಕ್ಕದಲ್ಲಿ ನಾವೇ ಎಡದವರು, ಅದು ಬಲದ್ದು ಎಂದು ಮೇಡಂ ಆಕ್ಷೇಪ ಎತ್ತಿದ್ದಾರೆ. ಅಷ್ಟಕ್ಕೇ ಈ ಪದವನ್ನು ಕೈಬಿಡಬೇಕೇ?