ಅಪ್‌ಡೇಟ್: ತಂದೆಯವರ ಬಾಯಿ ಕ್ಯಾನ್ಸರ್‌ಗೆ ಕೊನೆಗೆ ನಿರ್ಧಾರವಾದ ಚಿಕಿತ್ಸೆ
ಗುಟ್ಕಾ ಜಗಿಯುತ್ತಿದ್ದ ನಮ್ಮ ತಂದೆಯವರ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಪತ್ತೆಯಾದಾಗ, ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಂದು 20 ದಿನಗಳ ಹಿಂದೆ ವಿಜಯಪುರದಿಂದ ಇಲ್ಲಿ ನಿಮ್ಮನ್ನು ಕೇಳಿದ್ದೆ. ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮತ್ತು ಸ್ಕ್ಯಾನ್ ವರದಿಗಳೊಂದಿಗೆ ಬೆಳಗಾವಿಗೆ ಹೋಗಿ, ಶಸ್ತ್ರವೈದ್ಯರೂ ವಿಕಿರಣ ತಜ್ಞರೂ ಒಟ್ಟಿಗೆ ಕುಳಿತು ನೋಡುವಂತೆ ಕೇಳಿಕೊಳ್ಳಿ ಎಂದು ನೀವು ಕೊಟ್ಟ ಸಲಹೆಯೇ ಫಲಿಸಿತು. ಮೊದಲು ಗಡ್ಡೆಯನ್ನೂ ಕುತ್ತಿಗೆಯ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದರು. ಗ್ರಂಥಿಗಳಿಗೂ ರೋಗ ಹರಡಿದ್ದರಿಂದ ಇನ್ನು ಸುಮಾರು 6 ವಾರ ವಿಕಿರಣ ನಡೆಯಲಿದೆ. ಕಷಾಯ ಕುಡಿಸಿ ಕಾಯಿರಿ ಎಂಬ ಮಾತು ಕೇಳಿ ವಾರ ಕಳೆದದ್ದು ನಮ್ಮದೇ ತಪ್ಪು. ನನಗೆ ಅಚ್ಚರಿಯೆನಿಸಿದ್ದು ಹಲ್ಲಿನ ವಿಷಯ: ವಿಕಿರಣದ ನಂತರ ಹಲ್ಲು ಕಿತ್ತರೆ ದವಡೆಯ ಮೂಳೆ ಸರಿಯಾಗಿ ಮಾಯದಿರಬಹುದಾದ್ದರಿಂದ, ಹುಳುಕು ಹಲ್ಲುಗಳನ್ನು ಮುಂಚೆಯೇ ತೆಗೆಸಬೇಕಂತೆ. ಬಾಯಿ ಬಿಗಿಯಾಗದಿರಲು ತಂದೆಯವರು ಈಗ ದಿನವೂ, ಗೊಣಗುತ್ತಲೇ, ಬಾಯಿ ತೆರೆಯುವ ವ್ಯಾಯಾಮ ಮಾಡುತ್ತಿದ್ದಾರೆ.