ತೋಡಿನ ಬಾಯಿ, ಮರಳು, ಮಕ್ಕಳ ಕಿವಿ: ಎಲ್ಲರೂ ಓದಿ (ಬೀಚ್ ರೋಡ್ ನಿವಾಸಿಗಳ ಗುಂಪು)

ಸುಜಾತ, ಬೆಳಿಗ್ಗೆ 5:12
ರಾತ್ರಿ ಪೂರ್ತಿ ನಿದ್ದೆ ಇಲ್ಲ. ಮಗ ಕಿವಿ ಹಿಡಿದುಕೊಂಡು ಅತ್ತದ್ದು ಮೂರನೇ ಅಡ್ಡರಸ್ತೆಯವರೆಗೂ ಕೇಳಿಸಿರಬೇಕು. ಒಂದು ಗಂಟೆಗೆ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಒಳಗೆ ನೋಡಿ ಫಂಗಸ್ ಅಂದರು, ಒದ್ದೆ ನ್ಯೂಸ್ ಪೇಪರಿನ ಹಾಗೆ ಬೆಳೆದು ಕೂತಿದೆಯಂತೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಮಗು ಎಲ್ಲಿ ಈಜುತ್ತದೆ ಅಂತ. ಎಲ್ಲಿ ಅಂತ ಹೇಳಲಿ? ದಸರಾ ರಜೆ ಶುರುವಾದಾಗಿನಿಂದ ಎಲ್ಲ ಮಕ್ಕಳೂ ಆ ತೋಡಿನ ಬಾಯಿಯ ಹೊಂಡದಲ್ಲೇ ಬಿದ್ದಿರುವುದು ಈ ಗುಂಪಿನಲ್ಲಿ ಯಾರಿಗೆ ಗೊತ್ತಿಲ್ಲ? ಮಳೆ ನಿಂತಿತು, ಅಲೆ ಮರಳು ತಂದು ಬಾಯಿ ಮುಚ್ಚಿತು, ಒಳಗಿನ ನೀರು ಹಸಿರಾಯಿತು. ಪ್ರತಿ ವರ್ಷ ಇದೇ ಕತೆ, ಪ್ರತಿ ವರ್ಷ "ನೋಡೋಣ". ಈ ಸಲ ಯಾರಾದರೂ ನೋಡೋಣ ಅಂದರೆ ಆ ನೀರನ್ನು ಬಾಟ್ಲಿಯಲ್ಲಿ ತುಂಬಿ ಅವರ ಮನೆ ಬಾಗಿಲಲ್ಲಿ ಇಡುತ್ತೇನೆ.

ಗಣೇಶ್ ಭಟ್ (ಅಡ್ಮಿನ್), 6:03
ಅಯ್ಯೋ, ಮಗು ಹೇಗಿದೆ ಈಗ? ಇವತ್ತು ಇದನ್ನು ಮಾತಾಡಿ ಮುಗಿಸೋಣ. ಬೇರೆ ವಿಷಯ ಯಾರೂ ಹಾಕಬೇಡಿ.

ವಸಂತಿ ಆಂಟಿ, 6:05
ಶುಭ ಬುಧವಾರ. ನಗುವೇ ಆರೋಗ್ಯದ ಗುಟ್ಟು. (ಚಿತ್ರ)

ಜಯರಾಮಣ್ಣ, 6:31
ಆ ಪೈಪ್ ಗಲಾಟೆಯ ವರ್ಷವೇ ನಾನು ಇದನ್ನು ಹೇಳಿದ್ದೆ. ಮಿನಿಟ್ಸ್ ಪುಸ್ತಕ ಇದ್ದರೆ ತೆಗೆದು ನೋಡಿ. ಆಗ ನನ್ನನ್ನು ಜಗಳಗಂಟ ಅಂದಿರಿ. ತೋಡು ಅಂದರೆ ಮಳೆ ನೀರಿಗೆ ಇರುವುದು, ನಮ್ಮ ಅಪ್ಪನ ಕಾಲದಲ್ಲಿ ಅದರಲ್ಲಿ ಮೀನು ಹಿಡಿಯುತ್ತಿದ್ದರು. ಅಪಾರ್ಟ್‌ಮೆಂಟ್ ಎದ್ದಿತು, ಆಮೇಲೆ ಹೋಂಸ್ಟೇ. ಹೆಸರು ಹೇಳುವುದಿಲ್ಲ, ಈ ಗುಂಪಿನಲ್ಲೇ ಇದ್ದಾರೆ. ಹತ್ತು ರೂಮಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ಪ್ರದೀಪ್, 6:38
ಜಯರಾಮಣ್ಣ, ಹೆಸರು ಹೇಳಿಯೇ ಹೇಳಿ, ಹೆದರಿಕೆ ಯಾಕೆ. ರೂಮು ಆರು, ಹತ್ತಲ್ಲ. ಸೋಕ್ ಪಿಟ್ (ಬಚ್ಚಲ ನೀರು ಇಂಗುವ ಗುಂಡಿ) ಇದೆ, ಬಂದು ನೋಡಬಹುದು. ನಿಮ್ಮ ಹಿತ್ತಲಿನ ದನದ ಕೊಟ್ಟಿಗೆ ತೊಳೆದ ನೀರು ಯಾವ ದಿಕ್ಕಿಗೆ ಹೋಗುತ್ತದೆ ಅಂತ ನಾನೂ ಕೇಳಬಹುದು ಅಲ್ವಾ?

ಜಯರಾಮಣ್ಣ, 6:40
ದನದ ಮೂತ್ರಕ್ಕೂ ಫಂಗಸ್‌ಗೂ ಸಂಬಂಧ ಇಲ್ಲ. ಅದು ಔಷಧಿ.

ರಂಜಿತ್, 6:41
ಫಂಗಸ್ ಅಂದರೆ ಅಣಬೆ ಜಾತಿ ಅಲ್ವಾ. ಭಾನುವಾರ ಬೀಚಲ್ಲಿ ಅಣಬೆ ಘೀ ರೋಸ್ಟ್, ನೀರ್ ದೋಸೆ ಯಾರು ತರುತ್ತೀರಿ?

ಸುಜಾತ, 6:42
ರಂಜಿತ್, ನಿನ್ನ ಮಗಳೂ ಅದೇ ಹೊಂಡದಲ್ಲಿ ಇದ್ದಳು.

ವಸಂತಿ ಆಂಟಿ, 6:50
ಸುಜಾತ, ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಎರಡು ಹನಿ ಬಿಡು. ನಾವೆಲ್ಲ ಹಾಗೇ ಬೆಳೆದದ್ದು.

ಶ್ರುತಿ, 7:14
ಆಂಟಿ, ದಯವಿಟ್ಟು ಎಣ್ಣೆ ಬೇಡ. ಫಂಗಸ್ ಇರುವ ಕಿವಿಗೆ ಎಣ್ಣೆ ಬಿಟ್ಟರೆ ತೇವ ಒಳಗೇ ಉಳಿಯುತ್ತದೆ, ಅದಕ್ಕೆ ಬೇಕಾದದ್ದೂ ಅದೇ. ಕಿವಿಯ ತಮಟೆ ತೂತಾಗಿದ್ದರೆ ಇನ್ನೂ ಕಷ್ಟ. ಬಡ್ಸ್ ಕೂಡ ಹಾಕಬೇಡಿ, ಒಳಗೆ ಗೀರಿದರೆ ಅದು ಅಲ್ಲೇ ಬೇರು ಬಿಡುತ್ತದೆ. ಡಾಕ್ಟರ್ ತೆಗೆದು ಸ್ವಚ್ಛ ಮಾಡುತ್ತಾರೆ, ಡ್ರಾಪ್ಸ್ ಕೊಡುತ್ತಾರೆ, ಕಿವಿ ಒಣಗಿರಬೇಕು, ಅಷ್ಟೆ.

ಮರಳಿನ ವಿಷಯ ಹೇಳುತ್ತೇನೆ, ನಾನು ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಇಷ್ಟು ಗೊತ್ತು. ಎಲ್ಲರೂ ನೀರು ನೀರು ಅನ್ನುತ್ತೀರಿ. ನೀರಿಗಿಂತ ಮರಳಲ್ಲಿ ಫಂಗಸ್ ಜಾಸ್ತಿ ದಿನ ಬದುಕುತ್ತದೆ. ಮರಳ ಕಣಗಳ ನಡುವೆ ಬಿಸಿಲು ತಾಗುವುದಿಲ್ಲ, ಕೊಳೆತ ಎಲೆ, ಪಾಚಿ, ಕೂದಲು, ನಮ್ಮ ಚರ್ಮದ ಸಿಪ್ಪೆ ಎಲ್ಲ ಅದಕ್ಕೆ ಊಟ. ಆಸ್ಪರ್ಜಿಲಸ್, ಫ್ಯುಸೇರಿಯಂ, ಕ್ಯಾಂಡಿಡಾ, ಹುಳಕಡ್ಡಿ ಮಾಡುವ ಜಾತಿಗಳು, ಇವೆಲ್ಲ ಬೇರೆ ಬೇರೆ ದೇಶಗಳ ಬೀಚ್ ಮರಳಲ್ಲಿ ಸಿಕ್ಕಿವೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಮೊದಲ ಸಲ ಮರಳಿಗೂ ಒಂದು ಅಳತೆ ಹೇಳಿತು. ಒಂದು ಗ್ರಾಂ ಮರಳಿಗೆ ಫಂಗಸ್ 89 ಕಾಲನಿ (ಲ್ಯಾಬಿನ ಪ್ಲೇಟಿನಲ್ಲಿ ಬೆಳೆದು ಕಾಣುವ ಚುಕ್ಕೆಗಳ ಲೆಕ್ಕ), ಎಂಟರೊಕಾಕೈ ಅನ್ನುವ ಮಲದ ಬ್ಯಾಕ್ಟೀರಿಯಾ 60. ಆ 89 ಬಂದದ್ದು ಮೈಕೋಸ್ಯಾಂಡ್ಸ್ ಅನ್ನುವ ಅಧ್ಯಯನದಿಂದ, ಹಲವು ದೇಶಗಳ ಮರಳು ಅಳೆದಾಗ ನಡುವಿನಲ್ಲಿ ಬಂದ ಲೆಕ್ಕ ಅದು. ದಾಟಿದರೆ ಕಾಯಿಲೆ ಬಂದೇ ಬರುತ್ತದೆ ಅಂತ ಅರ್ಥ ಅಲ್ಲ, ಯಾಕೆ ಇಷ್ಟು ಇದೆ ಅಂತ ಹುಡುಕಬೇಕು ಅಂತ ಅರ್ಥ.

ಸುಜಾತಕ್ಕ, ಬೇಜಾರು ಮಾಡಬೇಡಿ. ಮಗುವಿಗೆ ಆ ಹೊಂಡದಿಂದಲೇ ಬಂತು ಅಂತ ಈಗ ಯಾರಿಗೂ ಹೇಳಲಾಗುವುದಿಲ್ಲ. ನಮ್ಮ ಸೆಕೆಯ ಊರಲ್ಲಿ ಸಮುದ್ರಕ್ಕೆ ಇಳಿಯದವರಿಗೂ ಕಿವಿಯ ಫಂಗಸ್ ಬರುತ್ತದೆ. ಆದರೂ ಆ ಹೊಂಡದ ಮರಳನ್ನು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು.

ಪ್ರದೀಪ್, 7:16
ನೋಡಿ, ಯಾರಿಂದ ಬಂತು ಅಂತ ಹೇಳಲಾಗುವುದಿಲ್ಲ. ಓದಿದವರೇ ಹೇಳುತ್ತಿದ್ದಾರೆ.

ಜಯರಾಮಣ್ಣ, 7:19
ಅವಳು ಹೇಳಿದ್ದು ಹೊಂಡದ ಬಗ್ಗೆ, ನಿನ್ನ ಪಿಟ್ ಬಗ್ಗೆ ಅಲ್ಲ. ಸರಿಯಾಗಿ ಓದು ಮಾರಾಯ.

ಅನಿಲ್ (ಅಪಾರ್ಟ್‌ಮೆಂಟ್ 304), 7:45
ಪಡುಬಿದ್ರಿ ಬೀಚಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಬಂತು, ಹೊನ್ನಾವರದ ಕಾಸರಕೋಡಿಗೂ ಬಂತು. ನಾವೂ ಅರ್ಜಿ ಹಾಕಿದರೆ ಅವರೇ ಬಂದು ಎಲ್ಲ ಟೆಸ್ಟ್ ಮಾಡುತ್ತಾರೆ ಅಲ್ವಾ? ಶವರ್, ಟಾಯ್ಲೆಟ್, ಕಸದ ಡಬ್ಬಿ, ಎಲ್ಲ ಸಿಗುತ್ತದೆ.

ಶ್ರುತಿ, 7:52
ಅನಿಲ್ ಸರ್, ಅದರಲ್ಲಿ ನೋಡುವುದು ನೀರು. 100 ಮಿಲಿಗೆ ಈ.ಕೋಲೈ (ಅದೂ ಮಲದ ಬ್ಯಾಕ್ಟೀರಿಯಾ) 250, ಎಂಟರೊಕಾಕೈ 100, ಅದಕ್ಕಿಂತ ಕಡಿಮೆ ಇರಬೇಕು. ಮರಳಿನ ಫಂಗಸ್‌ಗೆ ಅಂತ ಮಿತಿ ಅದರಲ್ಲಿಲ್ಲ. ನಮ್ಮ ದೇಶದ ಸಮುದ್ರ ಸ್ನಾನದ ಮಾನದಂಡದಲ್ಲೂ ಮಲದ ಕೋಲಿಫಾರಂ 100 ಮಿಲಿಗೆ 100 ಅಂತ ಇದೆ, ಫಂಗಸ್ ಇಲ್ಲ. ಅಂದರೆ ನೀರಿನ ರಿಪೋರ್ಟ್ ಪಾಸಾದರೂ ಮರಳು ಹೇಗಿದೆ ಅಂತ ಗೊತ್ತಾಗುವುದಿಲ್ಲ. ನಾವಾಗಿಯೇ ಕೇಳಿ ಮಾಡಿಸಬೇಕು.

ಹರೀಶ್, 8:20
ಫಾರ್ವರ್ಡ್: *ಎಚ್ಚರ ಎಚ್ಚರ!! ಸಮುದ್ರದ ಮರಳಲ್ಲಿ ಔಷಧಿಗೇ ಬಗ್ಗದ ಕೊಲೆಗಾರ ಫಂಗಸ್ ಪತ್ತೆ! ಬ್ಲ್ಯಾಕ್ ಫಂಗಸ್‌ನ ಅಪ್ಪ! ಕಾಲಿಟ್ಟರೆ 3 ದಿನದಲ್ಲಿ ಸಾವು! ಹತ್ತು ಜನರಿಗೆ ಕಳುಹಿಸಿ!*

ವಸಂತಿ ಆಂಟಿ, 8:22
ಅಯ್ಯೋ ದೇವರೇ. ನಾನು ನಿನ್ನೆ ಸಂಜೆ ಬರಿಗಾಲಲ್ಲಿ ವಾಕಿಂಗ್ ಹೋಗಿದ್ದೆ.

ಶ್ರುತಿ, 8:40
ಆಂಟಿ, ನಿಮಗೇನೂ ಆಗುವುದಿಲ್ಲ. ಇದರಲ್ಲಿ ಒಂದು ಎಳೆ ನಿಜ, ಉಳಿದದ್ದು ಮಸಾಲೆ. ಕ್ಯಾಂಡಿಡಾ ಆರಿಸ್ ಅಂತ ಒಂದು ಫಂಗಸ್ ಇದೆ. 2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯಲ್ಲಿ ಸಿಕ್ಕಿದ್ದನ್ನು ಮೊದಲು ಗುರುತಿಸಿದರು. ಆಮೇಲೆ ದೇಶ ದೇಶಗಳ ಆಸ್ಪತ್ರೆಗಳಲ್ಲಿ ತಲೆನೋವಾಯಿತು. ಆಸ್ಪತ್ರೆಯ ಹೊರಗೆ ಎಲ್ಲಿದೆ ಅಂತ ಗೊತ್ತಿರಲಿಲ್ಲ. ದೆಹಲಿಯ ವಿಜ್ಞಾನಿಗಳ ತಂಡ ಅಂಡಮಾನಿನಲ್ಲಿ ಹುಡುಕಿ, ಒಂದು ಜೌಗು ಜಾಗದಲ್ಲೂ ಒಂದು ಮರಳ ಬೀಚಿನಲ್ಲೂ ಅದನ್ನು ಕಂಡು 2021ರಲ್ಲಿ ಪ್ರಕಟಿಸಿತು. ಅಲ್ಲಿ ಸಿಕ್ಕಿದೆ, ಅಷ್ಟೇ. ಅದರಿಂದ ಬೀಚಿಗೆ ಹೋದವರು ಸತ್ತರು ಅಂತ ಅದರಲ್ಲಿ ಎಲ್ಲೂ ಇಲ್ಲ. ಅದು ಕಾಡುವುದು ಐಸಿಯುನಲ್ಲಿ ಟ್ಯೂಬು ಹಾಕಿ ಮಲಗಿರುವವರನ್ನು. ಬ್ಲ್ಯಾಕ್ ಫಂಗಸ್ ಬೇರೆಯೇ ಜಾತಿ, ಕೋವಿಡ್ ಹೊತ್ತಿಗೆ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಎರಡೂ ಸೇರಿ ಜಾಸ್ತಿ ಆದದ್ದು. ಹರೀಶಣ್ಣ, ದಯವಿಟ್ಟು ಡಿಲೀಟ್ ಮಾಡಿ.

ಹರೀಶ್, 8:41
ನಾನು ಬರೆದದ್ದಲ್ಲ. ಬಂದದ್ದನ್ನು ಹಾಕಿದೆ.

ನಳಿನಿ, 9:05
ಶ್ರುತಿ, ಒಂದು ಕೇಳಬಹುದಾ. ನಮ್ಮವರಿಗೆ ತೊಡೆಯ ಹತ್ತಿರ ಹುಳಕಡ್ಡಿ, ಹೋಗುವುದೇ ಇಲ್ಲ. ಮೆಡಿಕಲ್‌ನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನ ಕಡಿಮೆ, ಬಿಟ್ಟರೆ ಡಬಲ್. ಅದೂ ಬೀಚಿನದ್ದಾ?

ಶ್ರುತಿ, 9:11
ಟ್ಯೂಬಿನ ಹಿಂದೆ ಬರೆದದ್ದನ್ನು ಓದಿ ಅಕ್ಕ, ಸ್ಟೀರಾಯ್ಡ್ ಇರಬಹುದು. ಅದು ತುರಿಕೆ ಮುಚ್ಚಿಡುತ್ತದೆ, ಫಂಗಸ್ ಅಡಿಯಲ್ಲಿ ಹರಡುತ್ತದೆ. ಸಾಮಾನ್ಯ ಮಾತ್ರೆಗೆ ಬಗ್ಗದ ಹುಳಕಡ್ಡಿಯೂ ಈಗ ನಮ್ಮ ದೇಶದಲ್ಲಿ ಜಾಸ್ತಿ, ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತಲೇ ಹೆಸರಿಟ್ಟಿದ್ದಾರೆ. ಅದು ಜನರಿಂದ ಜನರಿಗೆ, ಟವೆಲ್ ಬಟ್ಟೆಗಳಿಂದ ಹರಡುತ್ತದೆ. ಬೀಚಿನ ಮೇಲೆ ಹಾಕಬೇಡಿ, ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ರಂಜಿತ್, 9:12
ನಳಿನಿ ಅಕ್ಕ, ಅಣ್ಣನೂ ಈ ಗುಂಪಿನಲ್ಲೇ ಇದ್ದಾರೆ.

ಗಣೇಶ್ ಭಟ್ (ಅಡ್ಮಿನ್), 9:30
ವಿಷಯಕ್ಕೆ ಬರೋಣ. ನನ್ನ ಪ್ರಕಾರ ಮೊದಲು ತೋಡಿನ ಬಾಯಿ ಬಿಡಿಸಿ ನೀರು ಹರಿಯಲು ಬಿಡಬೇಕು. ಮರಳ ಸ್ಯಾಂಪಲ್ ಶ್ರುತಿ ಹೇಳಿದ ಹಾಗೆ ನಾಲ್ಕಾರು ಕಡೆಯಿಂದ ತೆಗೆದು ಕೊಡೋಣ. ಅಲ್ಲಿಯವರೆಗೆ ಮಕ್ಕಳನ್ನು ಹೊಂಡಕ್ಕೆ ಬಿಡುವುದು ಬೇಡ. ಬೀಚಿನಿಂದ ಬಂದ ಮೇಲೆ ಒಳ್ಳೆ ನೀರಲ್ಲಿ ತೊಳೆದು, ಬೆರಳ ಸಂದು ಒರೆಸಿ, ಒಣ ಬಟ್ಟೆ ಹಾಕಿ. ಮನೆಗೆ ಎಷ್ಟು ಹಾಕಬಹುದು ಹೇಳಿ.

ಜಯರಾಮಣ್ಣ, 9:34
ದುಡ್ಡು ನಾವು ಯಾಕೆ ಹಾಕಬೇಕು? ತೆರಿಗೆ ಕಟ್ಟುವುದಿಲ್ಲವಾ? ಕೊಳೆ ಮಾಡಿದವರು ಹಾಕಲಿ. ಒಂದು ಜೆಸಿಬಿ ತಂದರೆ ಅರ್ಧ ಗಂಟೆಯ ಕೆಲಸ, ನಾನು ನಿಂತು ಮಾಡಿಸುತ್ತೇನೆ.

ಅನಿಲ್ (ಅಪಾರ್ಟ್‌ಮೆಂಟ್ 304), 9:38
ಬೀಚ್ ಮೇಲೆ ಜೆಸಿಬಿ ಇಳಿಸಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ ಸರ್. ಅನುಮತಿ ಬೇಕು.

ಜಯರಾಮಣ್ಣ, 9:39
ಕಟ್ಟಡ ಕಟ್ಟುವಾಗ ಆ ನಿಯಮ ನೆನಪಾಗಲಿಲ್ಲ ಅಲ್ವಾ.

ಜಯರಾಮಣ್ಣ, 9:40
ಮುಂಚೆ ನಾವು ಹತ್ತು ಜನ ಹಾರೆ ಹಿಡಿದು ಇಳಿತದ ಹೊತ್ತಿಗೆ ಕಡಿಯುತ್ತಿದ್ದೆವು. ಉಳಿದದ್ದನ್ನು ನೀರೇ ಕೊಚ್ಚಿಕೊಂಡು ಹೋಗುತ್ತಿತ್ತು. ಈಗ ಹಾರೆ ಹಿಡಿಯುವವರು ಯಾರಿದ್ದೀರಿ?

ಸುಜಾತ, 9:41
ನಾನಿದ್ದೇನೆ. ಇನ್ನು ಯಾರು?

ಮೋಹನ್, 10:26
ಈಗಷ್ಟೇ ನೋಡಿದೆ. ನನ್ನ ಕಾಲಲ್ಲೂ ಎಂತದೋ ಆಗಿದೆ. ಪಾದದ ಅಂಚಲ್ಲಿ ಕೆಂಪು ಗೆರೆ, ದಿನಾ ಸ್ವಲ್ಪ ಮುಂದೆ ಹೋಗುತ್ತದೆ, ರಾತ್ರಿ ತುರಿಕೆ ತಡೆಯಲಾಗುವುದಿಲ್ಲ. ಫಂಗಸ್ ಅಂತ ಪೌಡರ್ ಹಾಕುತ್ತಿದ್ದೇನೆ. ಫೋಟೋ ಹಾಕಿದ್ದೇನೆ.

ಶ್ರುತಿ, 10:33
ಮೋಹನಣ್ಣ, ಫೋಟೋ ನೋಡಿ ಖಚಿತವಾಗಿ ಹೇಳಲಾಗದು, ಆದರೆ ಸರಿದಾಡುವ ಗೆರೆ ಫಂಗಸ್‌ನದ್ದಲ್ಲ. ನಾಯಿ, ಬೆಕ್ಕಿನ ಕೊಕ್ಕೆಹುಳದ ಮರಿ ಇರಬಹುದು. ಅವುಗಳ ಮಲ ಮರಳಲ್ಲಿ ಬಿದ್ದರೆ ಮೊಟ್ಟೆ ಒಡೆದು ಮರಿ ಅಲ್ಲೇ ಇರುತ್ತದೆ, ಬರಿಗಾಲಿನ ಚರ್ಮದೊಳಗೆ ಹೋಗುತ್ತದೆ. ಮನುಷ್ಯರಲ್ಲಿ ಅದಕ್ಕೆ ಮುಂದೆ ದಾರಿ ಇಲ್ಲ, ಚರ್ಮದಲ್ಲೇ ಅಲೆಯುತ್ತದೆ. ಪೌಡರಿಂದ ಹೋಗದು, ಡಾಕ್ಟರ್ ಕೊಡುವ ಹುಳದ ಮಾತ್ರೆ ಬೇಕು.

ಜಯರಾಮಣ್ಣ, 10:35
ಬಂತು ನೋಡಿ ನಿಜವಾದ ಕಾರಣ! ನಾಯಿ! ದಿನಾ ಸಂಜೆ ಬೀಚಲ್ಲಿ ಅನ್ನ ಹಾಕಿ ಊರಿನ ನಾಯಿಗಳನ್ನೆಲ್ಲ ಸೇರಿಸುವವರು ಯಾರು?

ಲತಾ ಮೇಡಂ, 10:37
ಇದು ಬರುತ್ತದೆ ಅಂತ ಗೊತ್ತಿತ್ತು. ನಾನು ಹಾಕುವುದು ನಮ್ಮ ಗೇಟಿನ ಹೊರಗೆ, ಬೀಚಲ್ಲಿ ಅಲ್ಲ. ಬೀಚಲ್ಲಿ ಮೀನಿನ ತಲೆ, ಕೋಳಿ ಎಲುಬು ಬಿಸಾಕಿ ಹೋಗುವವರು ಭಾನುವಾರದ ಪಾರ್ಟಿಯವರು. ಹುಳದ ಮಾತ್ರೆಯನ್ನು ನಾನೇ ನಾಯಿಗಳಿಗೆ ಹಾಕಿಸುತ್ತೇನೆ, ನನ್ನ ದುಡ್ಡಿನಲ್ಲಿ. ಒಬ್ಬರಾದರೂ ಐವತ್ತು ರೂಪಾಯಿ ಕೊಟ್ಟಿದ್ದೀರಾ?

ಸುಜಾತ, 10:38
ತೋಡಿನ ವಿಷಯ ಮಾತಾಡುತ್ತಿದ್ದೆವು.

ಪ್ರದೀಪ್, 10:44
ಲತಾ ಮೇಡಂ ಹೇಳಿದ್ದು ಸರಿ. ಭಾನುವಾರ ಹೊರಗಿನವರು ಬರುವುದೇ ಮೂಲ ಸಮಸ್ಯೆ. ಕಳೆದ ವಾರ ನಮ್ಮ ಗೆಸ್ಟ್ ಕಾರು ಹೊರಗೆ ತೆಗೆಯಲಾಗದೆ ರೈಲು ತಪ್ಪಿಸಿಕೊಂಡರು.

ಜಯರಾಮಣ್ಣ, 10:46
ಇದನ್ನು ಒಪ್ಪುತ್ತೇನೆ. ನನ್ನ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಫೋನ್ ನಂಬರೂ ಬರೆಯುವುದಿಲ್ಲ. ಕೇಳಿದರೆ ನಮಗೇ ಜೋರು ಮಾಡುತ್ತಾರೆ.

ರಂಜಿತ್, 10:47
ಜಯರಾಮಣ್ಣನೂ ಪ್ರದೀಪಣ್ಣನೂ ಒಂದೇ ಮಾತು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಗಣೇಶ್ ಭಟ್ (ಅಡ್ಮಿನ್), 10:55
ಹಾಗಾದರೆ ಭಾನುವಾರ ನಾಲ್ಕಕ್ಕೆ ಮೀಟಿಂಗ್. ತೋಡು, ನಾಯಿ, ಪಾರ್ಕಿಂಗ್ ಮೂರೂ ತೆಗೆದುಕೊಳ್ಳೋಣ.

ವಸಂತಿ ಆಂಟಿ, 10:58
ಭಾನುವಾರ ನಮ್ಮ ಮನೆಯಲ್ಲಿ ಸೊಸೆಯ ಸೀಮಂತ. ಎಲ್ಲರನ್ನೂ ಕರೆದಿದ್ದೇನೆ, ಮರೆತಿರಾ?

ಗಣೇಶ್ ಭಟ್ (ಅಡ್ಮಿನ್), 11:02
ಹೌದಲ್ವಾ. ಮುಂದಿನ ಭಾನುವಾರ ಇಡೋಣ.

ಸುಜಾತ, 11:03
ಅಷ್ಟರಲ್ಲಿ ರಜೆ ಮುಗಿಯುತ್ತದೆ ಭಟ್ರೇ. ಶ್ರುತಿ, ಸ್ಯಾಂಪಲ್ ಕೊಡಲು ಎಂತ ಬೇಕು? ನಾನೇ ತೆಗೆದುಕೊಂಡು ಬರುತ್ತೇನೆ.

ಶ್ರುತಿ, 11:10
ಲ್ಯಾಬಿನಿಂದ ಸ್ಟೆರೈಲ್ ಡಬ್ಬಿ ತಂದುಕೊಡುತ್ತೇನೆ ಅಕ್ಕ. ಮೇಲಿನ ಒಣ ಮರಳು ಸರಿಸಿ ಕೆಳಗಿನದ್ದು ತೆಗೆಯಬೇಕು, ಐಸ್ ಡಬ್ಬದಲ್ಲಿಟ್ಟು ಅದೇ ದಿನ ಕೊಡಬೇಕು. ಹೊಂಡದ ಹತ್ತಿರದ್ದು, ದೂರದ್ದು ಎರಡೂ ಬೇಕು, ಇಲ್ಲದಿದ್ದರೆ ಹೋಲಿಸಲು ಆಗದು. ಫಂಗಸ್ ನಿಧಾನ, ಪ್ಲೇಟಿನಲ್ಲಿ ಬೆಳೆಯಲು ವಾರಕ್ಕಿಂತ ಜಾಸ್ತಿ ಬೇಕಾಗಬಹುದು. ಖರ್ಚು ಕೇಳಿ ಹೇಳುತ್ತೇನೆ.

ಅನಿಲ್ (ಅಪಾರ್ಟ್‌ಮೆಂಟ್ 304), 11:12
ಖರ್ಚು ಗೊತ್ತಾದ ಮೇಲೆ ನಮ್ಮ ಅಸೋಸಿಯೇಷನ್‌ನಲ್ಲಿ ಇಟ್ಟು ನೋಡೋಣ.

ಸುಜಾತ, 11:13
ನೋಡೋಣ ಅಂದಿರಾ? 304 ಅಲ್ವಾ, ಬಾಟ್ಲಿ ಸಂಜೆಗೆ ಬರುತ್ತದೆ.

ಜಯರಾಮಣ್ಣ, 11:20
ಈ ಭಾನುವಾರ ಸೀಮಂತಕ್ಕೂ ಕಾರುಗಳು ಬರುತ್ತವೆ. ಎರಡನೇ ಅಡ್ಡರಸ್ತೆಯ ತಿರುವಿನಲ್ಲಿ ಹಗ್ಗ ಕಟ್ಟಿ ಹೊರಗಿನವರನ್ನು ತಡೆಯೋಣ. ಗಣೇಶೋತ್ಸವದ ದಪ್ಪ ಹಗ್ಗ ಯಾರ ಮನೆಯಲ್ಲಿದೆ?

ಮೋಹನ್, 11:21
ನಮ್ಮಲ್ಲಿದೆ.

ಪ್ರದೀಪ್, 11:21
ಎರಡು ಡ್ರಮ್ ನಾನು ಕೊಡುತ್ತೇನೆ. ಆದರೆ ನಮ್ಮ ಗೆಸ್ಟ್‌ಗಳನ್ನು ಬಿಡಬೇಕು.

ಜಯರಾಮಣ್ಣ, 11:22
ಗೆಸ್ಟ್ ಅಂದರೆ ಹೊರಗಿನವರಲ್ಲವಾ?