ಅಪ್‌ಡೇಟ್: ವ್ಯಾನಗನ್‌ಗೆ ಸ್ಪೀಡ್ ಸೆನ್ಸರ್ ಕೂತಿದೆ

ಸುಬಾರು ಇಜೆ22 ಎಂಜಿನ್ ಹಾಕಿಸಿದ ನನ್ನ ಫೋಕ್ಸ್‌ವ್ಯಾಗನ್ ವ್ಯಾನಗನ್ ಕ್ಯಾಂಪರ್ ಬ್ರೇಕ್ ಹಾಕಿ ನಿಲ್ಲಿಸಿದಾಗೆಲ್ಲ ಎಂಜಿನ್ ಆಫ್ ಆಗುತ್ತಿದೆ, ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಗಾಡಿಯ ಸ್ಪೀಡ್ ಸಿಗ್ನಲ್ ಕೊಡೋದು ಹೇಗೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು.

ರೆಡಿಮೇಡ್ ಸೆನ್ಸರ್ ಬೆಲೆ ಜಾಸ್ತಿ. ಅದಕ್ಕೇ ಎ3144 ಹಾಲ್ ಸೆನ್ಸರ್ (ಅಯಸ್ಕಾಂತ ಹತ್ತಿರ ಬಂದರೆ ಸಿಗ್ನಲ್ ಕೊಡುವ ಬಿಡಿಭಾಗ) ತಂದೆ. ಪುಡಿಗಾಸಿಗೆ ಸಿಗುತ್ತದೆ. ಡ್ರೈವ್‌ಶಾಫ್ಟ್ ಸುತ್ತ ಪುಟ್ಟ ಅಯಸ್ಕಾಂತಗಳನ್ನು ಸಮ ಅಂತರದಲ್ಲಿ ಎಪಾಕ್ಸಿ ಅಂಟಿನಿಂದ ಅಂಟಿಸಿದೆ; ಶಾಫ್ಟ್ ತಿರುಗಿದಂತೆ ಒಂದೊಂದು ಅಯಸ್ಕಾಂತ ಸೆನ್ಸರ್ ಮುಂದೆ ಹಾದಾಗಲೂ ಒಂದು ಸಿಗ್ನಲ್ ಬರುತ್ತದೆ. ಒಂದು ವಿಷಯ ಗಮನಿಸಿ: ಈ ಸೆನ್ಸರ್‌ಗೆ ದಕ್ಷಿಣ ಧ್ರುವ ಮಾತ್ರ ಗೊತ್ತಾಗೋದು, ಅದೂ ಅಕ್ಷರ ಅಚ್ಚಾಗಿರುವ ಮುಖದ ಕಡೆಯಿಂದ. ಔಟ್‌ಪುಟ್ ಓಪನ್ ಕಲೆಕ್ಟರ್, ಅಂದರೆ ಸಿಗ್ನಲ್ ತಂತಿಯನ್ನು ಗ್ರೌಂಡ್‌ಗೆ ಎಳೆಯಬಲ್ಲದೇ ಹೊರತು ತಾನೇ ವೋಲ್ಟೇಜ್ ಕೊಡದು, ಹಾಗಾಗಿ ತಂತಿಯನ್ನು ವೋಲ್ಟೇಜ್‌ಗೆ ಜೋಡಿಸುವ ಪುಲ್-ಅಪ್ ರೆಸಿಸ್ಟರ್ ಬೇಕೇ ಬೇಕು.

ಈಗ ಬ್ರೇಕ್ ಹಾಕಿ ನಿಂತರೂ ಐಡ್ಲಿಂಗ್ ಸ್ಥಿರವಾಗಿದೆ, ಎಂಜಿನ್ ಆಫ್ ಆಗುತ್ತಿಲ್ಲ. ಚೆಕ್ ಎಂಜಿನ್ ದೀಪವೂ ಆರಿದೆ. ಎಪಾಕ್ಸಿ ಮೇಲೆ ಪೂರ್ತಿ ನಂಬಿಕೆ ಇಲ್ಲ, ಇರಲಿ ಅಂತ ನೈಲಾನ್ ಟೈ ಕೂಡ ಬಿಗಿದಿದ್ದೇನೆ.